ಬೀದಿಗೆ ಕಾಣುವ ಹೆಂಚು

ನವೆಂಬರ್ ೪

ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದ.

ನೀನು ಕಳಿಸಿದ ಪೆಟ್ಟಿಗೆ ಮುಟ್ಟಿತು. ಲೋಕದಲ್ಲಿ ಮೊಮ್ಮಕ್ಕಳು ಅಜ್ಜಿಗೆ ಸೀರೆ ಕಳಿಸುತ್ತಾರೆ, ಶಾಲು ಕಳಿಸುತ್ತಾರೆ. ನನ್ನವಳು ಹೆಂಚು ಕಳಿಸಿದ್ದಾಳೆ. ಇಬ್ಬರು ಹೊತ್ತು ತಂದು ನನ್ನ ಮಂಚದ ಪಕ್ಕ ಇಳಿಸಿದರು. ನಮ್ಮ ವೃದ್ಧಾಶ್ರಮದ ಮ್ಯಾನೇಜರ್ ಬಗ್ಗಿ ನೋಡಿ, "ಏನಮ್ಮಾ, ಮೊಮ್ಮಗಳ ಪ್ರೀತಿ ಭಾರೀ ಭಾರ ಇದೆ" ಎಂದು ಹಲ್ಲು ಕಿರಿದ. ಅವನ ಹಾಸ್ಯವೂ ಇಲ್ಲಿಯ ಚಹಾದ ಹಾಗೆ, ನೀರು ಜಾಸ್ತಿ.

ಇದನ್ನೆಲ್ಲ ಫೋನಿನಲ್ಲಿ ಮಾತಾಡೋಣ ಅನ್ನಬೇಡ. ಫೋನಿನಲ್ಲಿ ನಿನ್ನ ಅರ್ಧ ಮಾತನ್ನು ನನ್ನ ಕಿವಿ ನುಂಗುತ್ತದೆ, ಇನ್ನರ್ಧವನ್ನು ನೀನೇ ನುಂಗುತ್ತೀಯ. ಕಾಗದದಲ್ಲಾದರೆ ನುಂಗಿದ ಜಾಗವಾದರೂ ಕಾಣುತ್ತದೆ.

ಪೆಟ್ಟಿಗೆಯಲ್ಲಿ ಮೂರು ಬಗೆ ಇವೆ. ಒಂದು ಸುಟ್ಟ ಮಣ್ಣಿನದು. ಒಂದು ಸಿಮೆಂಟಿನದು, ಮೇಲೆ ಕೆಂಪು ಬಳಿದಿದ್ದಾರೆ. ಮೂರನೆಯದು ತಗಡು, ಹೆಂಚಿನ ಆಕಾರಕ್ಕೆ ಒತ್ತಿದ್ದಾರೆ. ಅದನ್ನು ನಾನು ಬಿಸ್ಕತ್ತು ಡಬ್ಬದ ಮುಚ್ಚಳ ಅಂದುಕೊಂಡಿದ್ದೆ. ಯಾವುದು ಎಲ್ಲಿಗೆ ಎಂದು ನೀನು ಬರೆದಿಲ್ಲ.

ಈ ಕಟ್ಟಡವನ್ನು ನೀನು ನಕ್ಷೆಯಲ್ಲಿ ನೋಡಿದ್ದೀಯ, ನಾನು ಒಳಗೆ ಮಲಗಿ ನೋಡಿದ್ದೇನೆ. ಹಿಂದೆ ಇದು ಕೋರ್ಟು. ಆಗ ಕಳ್ಳರಿಗೆ ಶಿಕ್ಷೆ ಕೊಡುತ್ತಿದ್ದರು, ಈಗ ಮುದುಕರಿಗೆ ಅನ್ನ ಕೊಡುತ್ತಾರೆ. ಬೀದಿಯ ಕಡೆಗೆ ದೊಡ್ಡ ಕೋರ್ಟ್ ಹಾಲು. ಅಲ್ಲಿ ಜಡ್ಜು ಕೂರುತ್ತಿದ್ದ ಕುರ್ಚಿಗೆ ಸುತ್ತ ಹಗ್ಗ ಕಟ್ಟಿ ಇಟ್ಟಿದ್ದಾರೆ. ಯಾರೂ ಕೂರದ ಆ ಕುರ್ಚಿಗೆ ದಿನಾ ಧೂಳು ಹೊಡೆಯುತ್ತಾರೆ, ಮಂಡಿ ಹಿಡಿದುಕೊಂಡು ಕೂರುವ ನಮಗೆ ಪ್ಲಾಸ್ಟಿಕ್ಕು. ಹಾಲಿನ ಪಕ್ಕ ಮ್ಯಾನೇಜರನ ಆಫೀಸು. ಹಿಂಭಾಗದಲ್ಲಿ ಆರೋಪಿಗಳನ್ನು ಕೂಡಿಹಾಕುತ್ತಿದ್ದ ಕೋಣೆಗಳ ಸಾಲು. ನಾವಿರುವುದು ಅಲ್ಲಿ. ಅವರೂ ತೀರ್ಪಿಗೆ ಕಾಯುತ್ತಿದ್ದರು, ನಾವೂ ಅಷ್ಟೆ.

ನನ್ನ ಕೋಣೆಯ ಇನ್ನೊಂದು ಮಂಚದಲ್ಲಿ ಒಬ್ಬಳಿದ್ದಾಳೆ. ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿಗೆ ಎಂದು ಕೂಗುವ ಕೆಲಸ ಮಾಡಿದವಳು. ಸಂಬಳ ನಿಂತು ಎಷ್ಟೋ ವರ್ಷವಾಯಿತು, ಬಾಯಿ ನಿಂತಿಲ್ಲ. ಅವಳಿಗೆ ರೇಡಿಯೋ ಎಂದು ಹೆಸರಿಟ್ಟವಳು ನಾನೇ. ಕಳೆದ ಮಳೆಗಾಲದಲ್ಲಿ ನಮ್ಮಿಬ್ಬರ ಮಂಚದ ನಡುವೆ ಬಕೆಟ್ಟು ಇಟ್ಟಿದ್ದರು. ಮೇಲಿನಿಂದ ಅದು ಟಪ್ ಟಪ್, ಪಕ್ಕದಿಂದ ಇವಳು ಪಟ ಪಟ. ಬಕೆಟ್ಟಾದರೂ ತುಂಬುತ್ತಿತ್ತು.

ಈ ಚಾವಣಿಯ ಕೆಲಸಕ್ಕೆ ಯಾರಿದ್ದಾರೆ ಎಂದು ಮ್ಯಾನೇಜರ್ ಕೇಳಿದಾಗ, ನನ್ನ ಮೊಮ್ಮಗಳಿದ್ದಾಳೆ, ಹಳೇ ಕಟ್ಟಡ ರಿಪೇರಿ ಮಾಡುವ ದೊಡ್ಡ ಆಫೀಸಿನಲ್ಲಿದ್ದಾಳೆ ಎಂದವಳೂ ನಾನೇ. ಇಷ್ಟು ಜನರ ಮುಂದೆ ನನ್ನ ಮುಖ ಈಗ ನಿನ್ನ ಹೆಂಚಿನ ಮೇಲೆ ನಿಂತಿದೆ. ಹಿಂಭಾಗಕ್ಕೆ ಯಾವುದು ಹೊದಿಸುತ್ತೀಯ, ಅದಷ್ಟನ್ನು ಬರೆ.

ನಿನ್ನ ಅಜ್ಜಿ


ನವೆಂಬರ್ ೧೬

ಪೂಜ್ಯ ಅಜ್ಜಿಯವರಿಗೆ ನಮಸ್ಕಾರಗಳು.

ನೀವು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ಆ ಕಟ್ಟಡ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿರುವುದರಿಂದ ನಮಗೆ ಇಷ್ಟ ಬಂದಂತೆ ಮಾಡುವ ಹಾಗಿಲ್ಲ. ಸಮಿತಿಯ ನಿಯಮ ಹೀಗಿದೆ: ಸಾರ್ವಜನಿಕ ದಾರಿಯಿಂದ ಕಾಣುವ ಚಾವಣಿಗೆ ಮಣ್ಣಿನ ಹೆಂಚೇ ಇರಬೇಕು. ಕಾಣದ ಕಡೆ ಬೇರೆ ವಸ್ತು ಬಳಸಬಹುದು.

ಆದ್ದರಿಂದ ಬೀದಿಯ ಕಡೆಗೆ, ಈಗಿರುವ ಹೆಂಚುಗಳಲ್ಲಿ ಗಟ್ಟಿಯಾದವನ್ನು ಆರಿಸಿ, ಕಡಿಮೆ ಬಿದ್ದಲ್ಲಿ ಅದೇ ಅಚ್ಚಿನ ಹೊಸ ಹೆಂಚು ಸೇರಿಸುತ್ತೇವೆ. ಹಿಂಭಾಗಕ್ಕೆ ಹೆಂಚಿನ ಆಕಾರದ ತಗಡು. ಅದು ತುಂಬ ಹಗುರ. ಕೆಳಗೆ ಶಾಖ ತಡೆಯುವ ಹಾಸು ಬರುತ್ತದೆ. ಮೂವತ್ತು ವರ್ಷ ಬಾಳಿಕೆಯ ಗ್ಯಾರಂಟಿ ಇದೆ. ಸಿಮೆಂಟಿನ ಹೆಂಚನ್ನು ಹೋಲಿಕೆಗೆಂದು ಮಾತ್ರ ಕಳಿಸಿದ್ದೆ.

ತಗಡನ್ನು ಆರಿಸಲು ಬೇರೆ ಕಾರಣಗಳೂ ಇವೆ. ಅವೆಲ್ಲ ಕೆಲಸದ ಸೂಕ್ಷ್ಮಗಳು, ನೀವು ತಲೆಬಿಸಿ ಮಾಡಿಕೊಳ್ಳಬೇಡಿ. ಫೆಬ್ರವರಿಯಲ್ಲಿ ಕೆಲಸ ಶುರು.

ನಿಮ್ಮ ಮೊಮ್ಮಗಳು


ನವೆಂಬರ್ ೨೪

ಪೂಜ್ಯ ಮೊಮ್ಮಗಳವರಿಗೆ,

ಹುಟ್ಟಿದಾಗಿನಿಂದ 'ಅಜ್ಜೀ, ನೀನು ಬಾ, ನೀನು ಕೂತ್ಕೋ' ಅನ್ನುತ್ತಿದ್ದವಳು ಈಗ 'ನೀವು' ಅಂದಿದ್ದೀಯ. ಮರ್ಯಾದೆ ಹೆಚ್ಚಾದ ಕಡೆ ಮೋಸ ಇರುತ್ತದೆ ಎಂದು ಇಷ್ಟು ವಯಸ್ಸಿಗೆ ನನಗೂ ಗೊತ್ತು.

ಮೂವತ್ತು ವರ್ಷ ಬಾಳಿಕೆಯಂತೆ! ಯಾರ ಮುಂದೆ ಹೇಳುತ್ತೀಯ ಈ ಮಾತು? ಹಿಂದಿನ ಸಾಲಿನಲ್ಲಿರುವ ನಮ್ಮನ್ನೆಲ್ಲ ಕೂಡಿಸಿ ಹಿಂಡಿದರೂ ಮೂವತ್ತು ವರ್ಷ ಹೊರಡುವುದಿಲ್ಲ. ತಗಡಿನ ಕೆಳಗೆ ಹಾಸು ಬೇರೆ ಹಾಸುತ್ತೀಯಂತೆ. ತಗಡಿಗೆ ಹಾಸಿಗೆ, ನಮಗೆ ಬೆವರು.

ನಿನ್ನ ಮೂರು ಹೆಂಚನ್ನೂ ಅಂಗಳದಲ್ಲಿ ಬಿಸಿಲಿಗೆ ಇಡಿಸಿದೆ. ಮಧ್ಯಾಹ್ನ ಊಟದ ಮೇಲೆ ಎಲ್ಲರನ್ನೂ ಕರೆದು ಮುಟ್ಟಿ ನೋಡಿ ಅಂದೆ. ಮಣ್ಣಿನದು ಬೆಚ್ಚಗಿತ್ತು. ಸಿಮೆಂಟಿನದರ ಬಣ್ಣ ಆಗಲೇ ಅಂಗೈಗೆ ಹತ್ತಿತು. ತಗಡಿನ ಮೇಲೆ ರೇಡಿಯೋ ಬೆರಳಿಟ್ಟು ಕೂಗಿದ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದ ಲಾರಿ ನಿಂತಿತು. ಆಮೇಲೆ ಅದರ ಮೇಲೆ ಒಂದು ಕೊಡ ನೀರು ಹೊಯ್ಸಿದೆ. ಅದರ ಸದ್ದಿಗೆ ರೇಡಿಯೋ ಮಾತೂ ಕೇಳಲಿಲ್ಲ. ತಗಡಿನಲ್ಲಿ ಒಂದು ಗುಣ ಇದೆ ಅಂತಾಯಿತು.

ಮೊನ್ನೆ ನಿನ್ನ ಸಮಿತಿಯವರೂ ಬಂದಿದ್ದರು. ನಾಲ್ಕು ಜನ, ಒಬ್ಬನಿಗೆ ಹ್ಯಾಟು. ಬೀದಿಯ ಆ ಕಡೆ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ಹೆಣ್ಣು ನೋಡಲು ಬಂದವರ ಹಾಗೆ ಕಟ್ಟಡವನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಗೇಟಿಗೆ ಹೋಗಿ ಕೇಳಿದೆ:

"ಯಾಕಪ್ಪಾ, ಒಳಗೆ ಬರಲ್ವಾ? ಹಿಂದೆನೂ ಚಾವಣಿ ಇದೆ."

"ಅಮ್ಮಾ, ಬೀದಿಗೆ ಕಾಣೋದಷ್ಟೇ ನಮ್ಮ ಲೆಕ್ಕ," ಅಂದ ಹ್ಯಾಟಿನವನು.

"ಮುಖಕ್ಕೆ ಪೌಡರ್ ಹಚ್ಚಿ, ಬೆನ್ನು ತೊಳೀದೇ ಬಿಟ್ರೆ ಆಯ್ತಾ?"

"ಹಿಂದ್ಗಡೆ ಜನ ಓಡಾಡೋ ದಾರಿ ಇಲ್ವಲ್ಲಮ್ಮಾ. ದಾರಿ ಇದ್ದಿದ್ರೆ ನಾವೇ ಮಣ್ಣಿನ ಹೆಂಚೇ ಹಾಕಿ ಅಂತಿದ್ವಿ."

ನಾವು ಅಲ್ಲಿ ಹಗಲೆಲ್ಲ ಓಡಾಡುತ್ತೇವೆ, ಊರುಗೋಲು ಹಿಡಿದು. ಅದು ಓಡಾಟ ಅಲ್ಲವಂತೆ. ನಮ್ಮ ಕಣ್ಣು ಕಣ್ಣಲ್ಲವಂತೆ. ಬೀದಿಯಲ್ಲಿ ಹೋಗುವ ಲಾರಿಯ ಕ್ಲೀನರಿಗೆ ಕಂಡರೆ ಅದು ಕಾಣುವುದು. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಎನ್ನುವ ಗಾದೆಯನ್ನು ಇವರು ನಿಯಮ ಮಾಡಿ ಮೊಹರು ಒತ್ತಿದ್ದಾರೆ, ನೀನು ಅದಕ್ಕೆ ನಕ್ಷೆ ಹಾಕಿದ್ದೀಯ.

ಆದರೆ ಅವನು ಆಡಿದ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡಿದ್ದೇನೆ.

ಅಜ್ಜಿ


ಡಿಸೆಂಬರ್ ೨೦

ಅಜ್ಜಿ,

ಒಂದು ತಿಂಗಳಾಯಿತು, ನಿನ್ನ ಪತ್ರವೇ ಇಲ್ಲ. ಕೋಪ ಇನ್ನೂ ಇಳಿದಿಲ್ಲವೋ, ಮೈಗೆ ಹುಷಾರಿಲ್ಲವೋ? ಮ್ಯಾನೇಜರಿಗೆ ಫೋನ್ ಮಾಡಿದರೆ, "ನಿಮ್ಮ ಅಜ್ಜಿಗೇನಮ್ಮಾ, ನಮ್ಮನ್ನೆಲ್ಲ ಸಾಗಹಾಕಿಯೇ ಅವರು ಹೋಗೋದು" ಎಂದು ಯಾಕೋ ನಿಟ್ಟುಸಿರು ಬಿಟ್ಟರು.

ತಗಡು ನಿನಗೆ ಇಷ್ಟವಿಲ್ಲ, ಗೊತ್ತು. ನನಗೂ ಅದರ ಮೇಲೆ ಮೋಹವೇನಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ: ಕೆಲಸ ನಡೆಯುವಾಗ ಹಿಂದಿನ ಸಾಲಿನವರು ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ. ಒಂದೊಂದೇ ಕೋಣೆ, ಒಂದೊಂದೇ ದಿನದಲ್ಲಿ ಮುಗಿಯುತ್ತದೆ. ಅಷ್ಟನ್ನು ನಾನು ನೋಡಿಕೊಂಡಿದ್ದೇನೆ.

ಉತ್ತರ ಬರೆ.

ಮೊಮ್ಮಗಳು


ಜನವರಿ ೮

ಮೊಮ್ಮಗಳೇ,

ಎಲ್ಲಿಗೂ ಹೋಗಬೇಕಾಗಿಲ್ಲವಂತೆ. ದೊಡ್ಡ ಉಪಕಾರ! ನಮಗೆ ಹೋಗಲು ಇರುವುದು ಒಂದೇ ಊರು, ಅದಕ್ಕೆ ನಿನ್ನ ಅಪ್ಪಣೆ ಬೇಡ.

ಪತ್ರ ಬರೆಯಲು ನನಗೆ ಪುರುಸೊತ್ತಿರಲಿಲ್ಲ. ನಾನು ದಾರಿ ಮಾಡುತ್ತಿದ್ದೆ.

ಹಿಂದಿನ ಅಂಗಳದ ಗೋಡೆಯಲ್ಲಿ ಒಂದು ಬಾಗಿಲಿದೆ, ನಿನ್ನ ನಕ್ಷೆಯಲ್ಲೂ ಇರಬೇಕು. ಆರೋಪಿಗಳನ್ನು ಜನರ ಕಣ್ಣಿಗೆ ಬೀಳದ ಹಾಗೆ ಒಳಗೆ ತರುತ್ತಿದ್ದದ್ದು ಅದರಿಂದ. ಅದಕ್ಕೆ ಅಡ್ಡ ಮುರುಕು ಬೀರು ನಿಲ್ಲಿಸಿದ್ದರು. "ಬೆಂಕಿಗಿಂಕಿ ಬಿದ್ರೆ ನಾವು ಹಿಂದಿನೋರು ಎಲ್ಲಿಂದ ಓಡೋದು?" ಎಂದು ಮ್ಯಾನೇಜರಿಗೆ ಕೇಳಿದೆ. ಅವನ ಮುಖ ಬಿಳುಚಿತು. ಬೀರು ಮಧ್ಯಾಹ್ನಕ್ಕೆ ಸರಿಯಿತು, ಬೀಗಕ್ಕೆ ಅಡುಗೆಯವಳು ಎಣ್ಣೆ ಬಿಟ್ಟಳು.

ಬಾಗಿಲ ಆಚೆ ಒಂದು ಗಲ್ಲಿ. ಗಲ್ಲಿ ದಾಟಿದರೆ ಬಸ್ಸು ನಿಲ್ಲುವ ರಸ್ತೆ. ನಮ್ಮ ಕಟ್ಟಡದ ಮುಂದಿನ ಬೀದಿಯವರು ಆ ಬಸ್ಸಿಗೆ ಹೋಗಬೇಕಾದರೆ ಇಡೀ ಮಾರುಕಟ್ಟೆ ಸುತ್ತಬೇಕು. ನಮ್ಮ ಅಂಗಳದಲ್ಲಿ ಹಾದರೆ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು. ಮೊದಲು ಹಾಲಿನವನಿಗೆ ಹೇಳಿದೆ. ಹಾಲಿನವನಿಗೆ ಹೇಳಿದ ಮೇಲೆ ಬೇರೆಯವರಿಗೆ ಹೇಳುವ ಕಷ್ಟ ಉಳಿಯುವುದಿಲ್ಲ. ವಾರದೊಳಗೆ ಬಟ್ಟೆ ಹೊಲಿಯುವ ಕಾರ್ಖಾನೆಯ ಹೆಣ್ಣುಮಕ್ಕಳು ಬೆಳಿಗ್ಗೆ ಸಂಜೆ ಸಾಲುಗಟ್ಟಿದರು. ಅವರ ಹಿಂದೆ ಕಾಲೇಜಿನವರು. ಅವರ ಹಿಂದೆ ಕಡಲೆಕಾಯಿ ಮಾರುವವನು.

ರೇಡಿಯೋಗೆ ಬಾಗಿಲ ಪಕ್ಕ ಒಂದು ಕುರ್ಚಿ ಹಾಕಿಸಿದೆ. ಕೋಣೆಯಲ್ಲಿ ನನ್ನ ತಲೆ ತಿನ್ನುವ ಬದಲು ಊರಿನ ತಲೆ ತಿನ್ನಲಿ ಎಂದು. ಅವಳು ಅಲ್ಲಿಂದ ರಸ್ತೆ ನೋಡಿಕೊಂಡು, "ಬಂತ್ ನೋಡ್ರೋ, ಹಸಿರು ಬೋರ್ಡು! ಓಡ್ರೇ ಹುಡ್ಗೀರಾ, ಡ್ರೈವರ್ ಇವತ್ತು ಅರ್ಜೆಂಟಲ್ಲಿದಾನೆ!" ಎಂದು ಕೂಗುತ್ತಾಳೆ. ಜನ ನಿಜವಾಗಿಯೂ ಓಡುತ್ತಾರೆ. ಮುದುಕಿಗೆ ಕೆನ್ನೆ ಕೆಂಪಾಗುತ್ತದೆ. ಮೊನ್ನೆ ಕಾಲಿಗೆ ಚಪ್ಪಲಿ ಕೂಡ ಹೊಸದು ತರಿಸಿಕೊಂಡಳು, ಕುರ್ಚಿಯಿಂದ ಏಳದವಳಿಗೆ ಚಪ್ಪಲಿ ಯಾಕೋ.

ಮ್ಯಾನೇಜರ್ ಬಂದು, "ಏನಮ್ಮಾ ಇದು, ಸಂತೆ ಮಾಡಿಬಿಟ್ರಲ್ಲ!" ಅಂದ.

"ಹಿರಿಯರಿಗೆ ಸಮಾಜದ ಒಡನಾಟ ಬೇಕು ಅಂತ ನಿಮ್ಮದೇ ಬಣ್ಣದ ಕಾಗದದಲ್ಲಿ ಅಚ್ಚು ಹಾಕ್ಸಿದೀರಲ್ಲ. ಇದು ಸಮಾಜ. ಆ ಕಡಲೆಕಾಯಿಯವನು ಒಡನಾಟ."

ತಾನೂ ಒಂದು ಪೊಟ್ಟಣ ಕಡಲೆಕಾಯಿ ಕಟ್ಟಿಸಿಕೊಂಡು ಹೋದ. ಹೆಣ್ಣುಮಕ್ಕಳು ತಮ್ಮ ವಾರ್ಡಿನ ಪುರಸಭೆ ಸದಸ್ಯನನ್ನು ಹಿಡಿದರು. ಓಟು ಎಲ್ಲಿದೆಯೋ ಅಲ್ಲಿ ಅವನಿಗೆ ದಾರಿ ಕಾಣುತ್ತದೆ. ಗಲ್ಲಿಗೆ ದೀಪ ಹಾಕಿಸಿದ, ಬಾಗಿಲ ಮೇಲೆ 'ಬಸ್ ನಿಲ್ದಾಣಕ್ಕೆ ಸಾರ್ವಜನಿಕ ದಾರಿ' ಎಂದು ನೀಲಿ ಹಲಗೆ ಹೊಡೆಸಿದ. ಹಲಗೆ ಏರಿದ ದಿನವೇ ನಾನು ಹ್ಯಾಟಿನವನಿಗೆ ಕಾಗದ ಬರೆದೆ: 'ದಾರಿ ಇದೆ, ಬಂದು ನಿಂತು ನೋಡುವುದು.'

ನಾಡಿದ್ದು ಬರುತ್ತಾರಂತೆ. ನಿನ್ನ ಸಾಹೇಬನಿಗೆ ಈಗಲೇ ಹೇಳಬೇಡ. ಆ ಜಿಪುಣ ತಗಡಿನಲ್ಲಿ ಎಷ್ಟು ಉಳಿಸಬೇಕೆಂದಿದ್ದನೋ, ತಿಳಿದಾಗ ಅವನ ಮುಖ ಹೇಗಿತ್ತು ಎಂದು ನನಗೆ ಬರೆ.

ಗೆದ್ದ ಅಜ್ಜಿ


ಜನವರಿ ೧೯

ಅಜ್ಜಿ,

ಸಮಿತಿಯ ಆದೇಶ ಬಂತು. ಹಿಂಭಾಗಕ್ಕೂ ಮಣ್ಣಿನ ಹೆಂಚೇ ಹೊದಿಸಬೇಕು. ನೀನು ಕೇಳಿದ್ದು ನಿನಗೆ ಸಿಕ್ಕಿತು.

ಸಾಹೇಬರ ಮುಖ ಹೇಗಿತ್ತು ಎಂದು ಕೇಳಿದ್ದೀಯ. ಅವರು ನನ್ನನ್ನೇ ನೋಡುತ್ತಿದ್ದರು, ಏಕೆಂದರೆ ತಗಡು ಅವರು ಹೇಳಿದ್ದಲ್ಲ. ನಾನು ಹೇಳಿದ್ದು. ಅವರು ಬೇಡವೆಂದರೂ ಹಟ ಹಿಡಿದು ಒಪ್ಪಿಸಿದ್ದು.

ಕಟ್ಟಿದವರು ಜಡ್ಜು ಕೂರುವ ಕಡೆಗೆ ಒಳ್ಳೆಯ ಮರ ಹಾಕಿ, ಆರೋಪಿಗಳು ಕೂರುವ ಕಡೆಗೆ ಕಳಪೆ ಮರ ಹಾಕಿದ್ದಾರೆ. ನಿಮ್ಮ ತಲೆಯ ಮೇಲಿನ ಜಂತೆಗಳನ್ನು ಗೆದ್ದಲು ತಿಂದು ಮುಗಿಸಿದೆ. ಹೊರಗೆ ಸಿಪ್ಪೆ ಇದೆ, ಒಳಗೆ ಪುಡಿ. ಹಗುರವಾದ ತಗಡಾದರೆ ಆ ಜಂತೆಗಳಿಗೆ ಕಬ್ಬಿಣದ ಆಸರೆ ಕೊಟ್ಟು ನಿಲ್ಲಿಸಬಹುದಿತ್ತು. ಮಣ್ಣಿನ ಹೆಂಚಿನ ಭಾರವನ್ನು ಅವು ಹೊರುವುದಿಲ್ಲ. ಈಗ ಅಷ್ಟೂ ಮರ ಇಳಿಸಿ ಹೊಸದು ಏರಿಸಬೇಕು. ಅದು ಮುಗಿಯುವ ತನಕ, ಅಂದರೆ ಮೇ ಕೊನೆಯ ತನಕ, ಹಿಂದಿನ ಕೋಣೆಗಳಲ್ಲಿ ಯಾರೂ ಇರುವಂತಿಲ್ಲ. ಎಲ್ಲರ ಮನೆಯವರಿಗೂ ಬಂದು ಕರೆದುಕೊಂಡು ಹೋಗಿ ಎಂದು ಮ್ಯಾನೇಜರ್ ಇವತ್ತು ತಿಳಿಸುತ್ತಿದ್ದಾರೆ.

ಎರಡು ವರ್ಷದ ಹಿಂದೆ ಇಂಥದ್ದೇ ಇನ್ನೊಂದು ನಿವಾಸದ ಕೆಲಸ ಮಾಡಿದ್ದೆ. ಅಲ್ಲಿಯೂ ಸ್ವಲ್ಪ ದಿನಕ್ಕೆಂದೇ ಎಲ್ಲರನ್ನೂ ಮನೆಗೆ ಕಳಿಸಿದ್ದರು. ಕೆಲಸ ಮುಗಿದಾಗ ಅರ್ಧ ಮಂಚಗಳು ಖಾಲಿ. ಒಬ್ಬರು ತೀರಿಕೊಂಡಿದ್ದರು. ಉಳಿದವರನ್ನು ಮಕ್ಕಳು ತಿರುಗಿ ಕಳಿಸಲಿಲ್ಲ, ಒಂದು ಖರ್ಚು ಉಳಿಯಿತಲ್ಲ ಎಂದು. ಆ ಚಾವಣಿಗೆ ನನಗೆ ಪ್ರಶಸ್ತಿ ಬಂತು. ನೀವೆಲ್ಲ ಬಂದು ಚಪ್ಪಾಳೆ ತಟ್ಟಿದಿರಿ.

ಇದನ್ನು ನಿನಗೆ ಮೊದಲೇ ಬರೆಯಲಿಲ್ಲ. ತಲೆಯ ಮೇಲೆ ಗೆದ್ದಲು ಎಂದರೆ ಅಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ ಎಂದುಕೊಂಡೆ.

ಮೊಮ್ಮಗಳು


ಜನವರಿ ೨೮

ಬುದ್ಧಿವಂತ ಮೊಮ್ಮಗಳಿಗೆ,

ನಿದ್ದೆ ಬರುವುದಿಲ್ಲ ಎಂದುಕೊಂಡೆಯಾ? ನಮಗೆ ಹೇಗೂ ನಿದ್ದೆ ಬರುವುದಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ. ಗಂಡನನ್ನು ಕಳೆದುಕೊಂಡವರು, ಮಕ್ಕಳನ್ನು ಕಳೆದುಕೊಂಡವರು, ಎರಡು ಸಲ ಎದೆ ಸೀಳಿಸಿಕೊಂಡವರು ಇಲ್ಲಿದ್ದಾರೆ. ಇವರೆಲ್ಲ ಗೆದ್ದಲು ಎಂದರೆ ನಡುಗುತ್ತಾರೆಂದು ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ತೀರ್ಮಾನಿಸಿದೆ. ಹ್ಯಾಟಿನವನು ನಮ್ಮ ಕಣ್ಣನ್ನು ಲೆಕ್ಕಕ್ಕಿಡಲಿಲ್ಲ, ನೀನು ತಲೆಯನ್ನು ಲೆಕ್ಕಕ್ಕಿಡಲಿಲ್ಲ. ಅವನಿಗಾದರೂ ನಾನು ಅಜ್ಜಿಯಲ್ಲ.

ಒಂದು ಸಾಲು ಬರೆದಿದ್ದರೆ ಸಾಕಿತ್ತು: ಅಜ್ಜೀ, ಮರ ಕೆಟ್ಟಿದೆ, ತಗಡಾದರೆ ಇರುತ್ತೀರಿ, ಹೆಂಚಾದರೆ ಹೊರಡುತ್ತೀರಿ, ಯಾವುದು ಬೇಕು? ಕೂತು ಜಗಳವಾಡಿ ನಾವೇ ಆರಿಸಿಕೊಳ್ಳುತ್ತಿದ್ದೆವು. ಜಗಳವಾಡುವುದನ್ನು ಬಿಟ್ಟು ಇಲ್ಲಿ ನಮಗೆ ಬೇರೆ ಏನು ಕೆಲಸ?

ಇರಲಿ. ಯಾರೂ ಮನೆಗೆ ಹೋಗುತ್ತಿಲ್ಲ. ಜಡ್ಜಿನ ಹಾಲು ಇಷ್ಟುದ್ದ ಬಿದ್ದಿದೆ, ಅದರ ಮರ ಗಟ್ಟಿ ಎಂದು ನೀನೇ ಬರೆದಿದ್ದೀಯ. ಮಂಚಗಳನ್ನು ಅಲ್ಲಿಗೆ ಹೊರಿಸಿದೆ. "ಅಮ್ಮಾ, ಅದು ಪಾರಂಪರಿಕ ಹಾಲು" ಎಂದು ಮ್ಯಾನೇಜರ್ ಅಡ್ಡ ನಿಂತ. "ನಾವೇನು ನಿನ್ನೆ ಹುಟ್ಟಿದೋರಾ?" ಎಂದೆ. ಹಗ್ಗ ಬಿಚ್ಚಿಸಿ, ಆ ಕುರ್ಚಿಯ ಮೇಲೆ ಹಾಸಿಗೆ ವಸ್ತ್ರಗಳ ಗಂಟು ಇಡಿಸಿದೆ. ಗಂಡಸರು ಅವನ ಆಫೀಸಿನಲ್ಲಿ ಮಲಗುತ್ತಾರೆ. ಅವನು ಈಗ ವರಾಂಡದಲ್ಲಿ ಮೇಜು ಹಾಕಿಕೊಂಡು, ಜಾಮೀನು ಸಿಗದವನ ಹಾಗೆ ಕೂತಿದ್ದಾನೆ. ಕರೆದುಕೊಂಡು ಹೋಗಲು ಬಂದ ಮಕ್ಕಳೆಲ್ಲ ಇದನ್ನು ನೋಡಿ, ಹೊಟ್ಟೆಯಲ್ಲೇ ಸಂತೋಷಪಟ್ಟು, ಮುಖದಲ್ಲಿ ದುಃಖ ತೋರಿಸಿ ವಾಪಸ್ಸು ಹೋದರು.

ರೇಡಿಯೋ ಮಗ ಮಾತ್ರ ಹಾಲಿನಲ್ಲಿ ಮಲಗುವ ವಿಚಾರ ಗಟ್ಟಿಯಾಗುವ ಹಿಂದಿನ ದಿನವೇ ಕಾರು ತಂದುಬಿಟ್ಟಿದ್ದ. ಅವಳು ಬಟ್ಟೆ ಮಡಚುತ್ತಾ ಮಡಚುತ್ತಾ, "ನಾನು ಹೋಗ್ಲೇನೇ?" ಎಂದು ಕೇಳಿದಳು. "ಹೋಗೇ ಮಾರಾಯ್ತಿ, ನನ್ನ ಕಿವಿಗೂ ನಾಲ್ಕು ದಿನ ರಜೆ ಬೇಡ್ವಾ?" ಎಂದೆ. ನಕ್ಕಳು. ಹೋದಳು.

ಮರ ಒಳ್ಳೆಯದು ಹಾಕಿಸು. ಹೆಂಚು ಜೋಡಿ ತೋಡಿನದೇ ಇರಲಿ, ಒಂದರ ಅಂಚು ಇನ್ನೊಂದರೊಳಗೆ ಕೂರುವಂಥದ್ದು. ಇಷ್ಟು ರಂಪ ಮಾಡಿ ಮತ್ತೆ ಬಕೆಟ್ಟು ಇಡುವ ಹಾಗಾದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ?

ಅಜ್ಜಿ


ಏಪ್ರಿಲ್ ೧೧

ಅಜ್ಜಿ,

ನೀನು ಬೈದದ್ದನ್ನು ಎರಡು ಸಲ ಓದಿದೆ. ಎರಡನೆಯ ಸಲ ಕೋಪ ಬರಲಿಲ್ಲ.

ಹೊಸ ಜಂತೆಗಳು ಏರಿವೆ, ನೀನು ಹೇಳಿದ ಜೋಡಿ ತೋಡಿನ ಹೆಂಚೇ ಬರುತ್ತದೆ. ನೂರರಲ್ಲಿ ಹತ್ತನ್ನು ತೆಗೆದು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ತೂಗಿ ನೋಡಿದ್ದೇನೆ. ನೀರು ಕುಡಿಯುವ ಹೆಂಚು ತಂದ ಲಾರಿಯನ್ನು ಹಾಗೆಯೇ ಹಿಂದಕ್ಕೆ ಕಳಿಸಿದೆ. ಸಾಹೇಬರು ಮುಂದಿನ ಕೆಲಸಗಳಿಂದ ನನ್ನನ್ನು ಕೈಬಿಟ್ಟಿದ್ದಾರೆ. ಇದನ್ನಾದರೂ ನೆಟ್ಟಗೆ ಮುಗಿಸುತ್ತೇನೆ.

ಒಂದು ಮಾತು. ಫೆಬ್ರವರಿಯಿಂದ ನೀನು ಬರೆದ ಎರಡು ಕಾರ್ಡಿನಲ್ಲೂ ಮ್ಯಾನೇಜರಿಗೆ, ಬಡಗಿಗೆ, ಪುರಸಭೆಗೆ, ನನಗೆ ಎಲ್ಲರಿಗೂ ಬೈಗುಳ ಇದೆ. ರೇಡಿಯೋ ಅಮ್ಮನಿಗೆ ಒಂದೂ ಇಲ್ಲ. ಅವರು ಹೇಗಿದ್ದಾರೆ?

ಮೊಮ್ಮಗಳು


ಜೂನ್ ೧೭

ಮೊಮ್ಮಗಳೇ,

ನಿನ್ನ ಏಪ್ರಿಲ್ ಪತ್ರಕ್ಕೆ ಈಗ ಉತ್ತರ.

ಹೆಂಚು ಚೆನ್ನಾಗಿದೆ. ಮೂರು ದಿನದಿಂದ ಮಳೆ ಹೊಡೆಯುತ್ತಿದೆ, ಒಂದು ಹನಿ ಒಳಗೆ ಬಂದಿಲ್ಲ. ಸಮಿತಿಯವರು ಗಲ್ಲಿಯಲ್ಲಿ ನಿಂತು ಫೋಟೋ ತೆಗೆದರು. ಹ್ಯಾಟಿನವನು, "ನೋಡಿದ್ರಾ ಅಮ್ಮಾ, ಎಂಥಾ ಕಳೆ ಬಂತು" ಎಂದ, ಅವನೇ ಹೆರಿಗೆ ಮಾಡಿಸಿದ ಹಾಗೆ. ಮ್ಯಾನೇಜರ್ ಬಣ್ಣದ ಕಾಗದ ಮತ್ತೆ ಅಚ್ಚು ಹಾಕಿಸುತ್ತಿದ್ದಾನೆ, ಈ ಸಲ ನಮ್ಮ ಬಾಗಿಲಿನ ಚಿತ್ರವೂ ಇರುತ್ತದಂತೆ. ನಾಚಿಕೆ ಅನ್ನುವುದನ್ನು ಇವರು ಸಂಬಳದ ದಿನ ಬ್ಯಾಂಕಿನಲ್ಲಿ ಇಟ್ಟುಬರುತ್ತಾರೆ.

ನಾವೆಲ್ಲ ಹಿಂದಿನ ಕೋಣೆಗಳಿಗೆ ವಾಪಸ್ಸಾಗಿದ್ದೇವೆ. ರೇಡಿಯೋ ಬಂದಿಲ್ಲ. ಅವಳ ಮಂಚವನ್ನು ಮ್ಯಾನೇಜರ್ ಒಬ್ಬ ಅಧಿಕಾರಿಯ ಅಮ್ಮನಿಗೆ ಕೊಟ್ಟ. ಒಳ್ಳೆಯ ಹೆಂಗಸು, ದಿನಕ್ಕೆ ಹತ್ತು ಮಾತು ಆಡುತ್ತಾಳೆ, ಒಂಬತ್ತು ಕ್ಷಮಿಸಿ ಅಂತಲೇ. ಕಾರ್ಖಾನೆಯ ಹುಡುಗಿಯರು, "ಆ ಕೂಗೋ ಅಜ್ಜಿ ಎಲ್ಲಿ? ದಿನಾ ಬಸ್ಸು ತಪ್ಪುತ್ತೆ" ಅನ್ನುತ್ತಾರೆ. ಕುರ್ಚಿಯ ಮೇಲೆ ಈಗ ಕಡಲೆಕಾಯಿಯವನು ತನ್ನ ಬುಟ್ಟಿ ಇಡುತ್ತಾನೆ.

ಅಡುಗೆಯವಳ ಫೋನಿನಿಂದ ಅವಳ ಮಗನಿಗೆ ಮಾಡಿಸಿದೆ. ದೊಡ್ಡದಾಗಿ ಕೇಳುವ ಹಾಗೆ ಇಟ್ಟಳು.

"ಅಮ್ಮ ಆರಾಮಾಗಿದಾರೆ," ಅಂದ. "ಮೊದಲಿನ ಹಾಗಿಲ್ಲ. ಮಾತು ಪೂರ್ತಿ ಕಮ್ಮಿ ಮಾಡಿದಾರೆ. ಮನೇಲೆಲ್ಲ ನೆಮ್ಮದಿ."

"ಅವಳ ಕೈಗೆ ಕೊಡು."

ಕೊಟ್ಟ. ನಾನೇ ಶುರು ಮಾಡಿದೆ. "ಏನೇ, ಊಟ ಆಯ್ತೇನೇ?"

"ಹೂಂ."

"ಇಲ್ಲಿ ಹೆಂಚು ಹೊದ್ಸಿದ್ರು ಕಣೇ. ಒಂದು ಹನಿ ಇಲ್ಲ."

"ಹೂಂ."

"ಗಂಟ್ಲು ಕೆಟ್ಟಿದೆಯಾ? ಬೈಗುಳನಾದ್ರೂ ಬೈಯೇ!"

"ಹೂಂ."

ಅಡುಗೆಯವಳು ನನ್ನ ಮುಖ ನೋಡಿದಳು. ಆಗ ನಾನು, "ವಾಪಸ್ಸು ಬರ್ತೀಯಾ?" ಎಂದು ಕೇಳಿದೆ. ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು, ಮೈಕಿನ ಮುಂದೆ ಕೂಗುವುದಕ್ಕೆ ಮೊದಲು ಎಳೆದುಕೊಳ್ಳುತ್ತಾರಲ್ಲ, ಹಾಗೆ. ಅಷ್ಟರಲ್ಲಿ ಮಗ, "ಆಮೇಲೆ ಮಾಡ್ತೀವಿ ಅಮ್ಮಾ" ಎಂದು ಇಟ್ಟುಬಿಟ್ಟ. ಆಮೇಲೆ ಮಾಡಲಿಲ್ಲ. ಅಡುಗೆಯವಳ ಫೋನಿನಿಂದ ಕರೆ ಹೋದರೆ ಈಗ ಎತ್ತುವುದೂ ಇಲ್ಲ.

ಮಾತಾಡಿ ಮಾತಾಡಿ ನನ್ನನ್ನು ಸಾಯಿಸಿದವಳು ಅವಳು, ಅವಳಿಂದ ಮೂರು ಹೂಂ ತೆಗೆಯುವುದಕ್ಕೆ ಆ ಮನೆಯವರು ಏನು ಮಾಡಿದರೋ. ಏನೂ ಮಾಡಿರಲಿಕ್ಕಿಲ್ಲ. ಅವಳು ಬಾಯಿ ತೆರೆದಾಗಲೆಲ್ಲ ಟೀವಿ ಜೋರು ಮಾಡಿದರೆ ಸಾಕು.

ಇನ್ನು ನೀನು ಮಾಡಬೇಕಾದ್ದು ಕೇಳು. ಮಂಚ ಖಾಲಿ ಇಲ್ಲ ಎಂದು ಮ್ಯಾನೇಜರ್ ರಾಗ ತೆಗೆದ. ಅಡುಗೆಮನೆಗೆ ಅಂಟಿಕೊಂಡು ಒಂದು ಸಾಮಾನಿನ ಕೋಣೆ ಇದೆ. ಅದನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ನನ್ನ ಮಂಚವನ್ನು ನಿನ್ನೆಯೇ ಅಲ್ಲಿಗೆ ಹಾಕಿಸಿಕೊಂಡೆ. ಇನ್ನೊಂದು ಮಂಚ ಹಿಡಿಸುವಷ್ಟು ಜಾಗ ಇದೆ. ಕೋರ್ಟು ಕಟ್ಟಿದ ಎಷ್ಟೋ ವರ್ಷದ ಮೇಲೆ ಯಾರೋ ಎತ್ತಿದ ಕೋಣೆ, ಅದಕ್ಕೆ ತಗಡಿನ ಸೂರು. ನಗುವುದಾದರೆ ಅಲ್ಲೇ ನಕ್ಕು ಮುಗಿಸಿ ಬಾ, ನನ್ನೆದುರು ನಗಬೇಡ. ನಿನ್ನೆ ರಾತ್ರಿಯೆಲ್ಲ ಮೇಲೆ ಕಲ್ಲು ಸುರಿದ ಹಾಗೆ ಸದ್ದು. ಅದಕ್ಕೆ ಪೈಪೋಟಿ ಕೊಟ್ಟು ಮಾತಾಡಲು ಬಲ್ಲವಳು ಒಬ್ಬಳೇ ಇದ್ದಾಳೆ.

ನಿನ್ನ ಸಾಹೇಬ ಕೆಲಸಗಳಿಂದ ಕೈಬಿಟ್ಟಿದ್ದಾನೆ ಎಂದೆಯಲ್ಲ, ಹಾಗಾದರೆ ಪುರುಸೊತ್ತಿದೆ. ಭಾನುವಾರ ಕಾರು ತೆಗೆದುಕೊಂಡು ಬಾ. ಮಗನ ಮನೆ ಎಲ್ಲಿ ಎಂದು ಹಾಲಿನವನಿಂದ ಪತ್ತೆ ಮಾಡಿಸಿದ್ದೇನೆ. ನೀನು ಮಗನನ್ನು ಹೊರಗೆ ಮಾತಿಗೆ ಹಿಡಿದುಕೋ. ಮರ, ಗೆದ್ದಲು, ಗ್ಯಾರಂಟಿ, ನಿನಗೆ ಬರುವ ಅಷ್ಟನ್ನೂ ಹೇಳು. ನಾನು ಒಳಗೆ ಹೋಗಿ ಟೀವಿ ಆರಿಸಿ ಅವಳ ಎದುರು ಕೂರುತ್ತೇನೆ.

ಅವಳು ಬರುವುದಿಲ್ಲ ಎಂದರೆ ಎದ್ದು ಬಂದುಬಿಡೋಣ. ಒಂದು ಮಾತೂ ಆಡುವುದಿಲ್ಲ. ಆದರೆ ನೀನು ನಮಗಾಗಿ ತೀರ್ಮಾನ ಮಾಡಿದೆ, ಸಮಿತಿ ಮಾಡಿತು, ಅವಳ ಮಗ ಮಾಡಿದ, ನಾನೂ ಮಾಡಿದೆ. ಈ ಸಲ ಅವಳು ಉಸಿರು ಎಳೆದುಕೊಂಡು ಮುಗಿಸುವ ತನಕ ಯಾರೂ ಬಾಯಿ ಹಾಕಕೂಡದು. ನಾನು ಕೂಡ.

ಅಜ್ಜಿ